ಕತ್ತಿಗೆ ತಕ್ಕ ದಿಂಬು, ಮಳೆಗೆ ತಕ್ಕ ದಿಂಬು: ಮಲೆನಾಡಿನವರಿಗೆ ಒಂದು ಮಾರ್ಗದರ್ಶಿ

ಬೆಳಿಗ್ಗೆ ಏಳುವಾಗ ಕತ್ತು ಹಿಡಿದುಕೊಂಡಿದೆ ಅಂದರೆ ಸಾಕು, ಮನೆಯಲ್ಲಿ ಇಬ್ಬರು ಎರಡು ಥರ ಹೇಳುತ್ತಾರೆ. ಒಬ್ಬರು "ದಿಂಬು ಬಿಟ್ಟು ಮಲಗು, ಎರಡು ದಿನಕ್ಕೆ ಸರಿ ಹೋಗತ್ತೆ" ಅಂತಾರೆ. ಇನ್ನೊಬ್ಬರು "ಒಳ್ಳೆ ದಪ್ಪ ದಿಂಬು ತಗೋ" ಅಂತಾರೆ. ಎರಡೂ ಕೆಲವರಿಗೆ ಸರಿ, ಬಹಳ ಜನರಿಗೆ ತಪ್ಪು. ಮಗ್ಗುಲಾಗಿ ಮಲಗುವವರು ದಿಂಬು ತೆಗೆದರೆ ತಲೆ ಹಾಸಿಗೆ ಕಡೆ ವಾಲಿ, ಕತ್ತು ರಾತ್ರಿಯಿಡೀ ಸೊಟ್ಟಗೇ ಇರುತ್ತದೆ. ಅಂಗಾತ ಮಲಗುವವರು ದಪ್ಪ ದಿಂಬು ಇಟ್ಟುಕೊಂಡರೆ ಗದ್ದ ಎದೆಗೆ ಒತ್ತುತ್ತದೆ, ಕತ್ತಿನ ಹಿಂದಿನ ನರ-ಸ್ನಾಯು ಎಳೆದುಕೊಂಡೇ ಇರುತ್ತವೆ.

ಕತ್ತಿನಲ್ಲಿ ಇರುವುದು 7 ಸಣ್ಣ ಮೂಳೆ. ಅವು ಹೊರುವುದು 4ರಿಂದ 5 ಕೆ.ಜಿ. ತೂಕದ ತಲೆ. ಹಗಲೆಲ್ಲ ಹೊತ್ತ ಆ ಭಾರವನ್ನು ರಾತ್ರಿ ದಿಂಬು ಹೊರಬೇಕು, ಅಷ್ಟೇ ಅದರ ಕೆಲಸ. ಕತ್ತು ಮೇಲಕ್ಕೂ ಬಾಗದೆ ಕೆಳಕ್ಕೂ ಬಾಗದೆ ಬೆನ್ನಿನ ನೇರಕ್ಕೆ ನಿಂತರೆ ಆ ದಿಂಬು ನಿಮಗೆ ಸರಿ. ಹಾಗಾಗಿ ದಿಂಬಿನಲ್ಲಿ ಮೊದಲು ನೋಡಬೇಕಾದ್ದು ಎತ್ತರ. ಹತ್ತಿಯದಾ, ಫೋಮಿನದಾ, ಯಾವ ಕಂಪನಿಯದು, ಇವೆಲ್ಲ ಆಮೇಲಿನ ಮಾತು. ನಮ್ಮ ಕಡೆಯವರಿಗೆ ಇನ್ನೊಂದು ಪ್ರಶ್ನೆಯೂ ಇದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಣಗಿ ಇರುತ್ತದಾ? ಈ ಎರಡಕ್ಕೆ ಉತ್ತರ ಸಿಕ್ಕರೆ ಅಂಗಡಿಯಲ್ಲಿ ಆರಿಸುವುದು ಹತ್ತು ನಿಮಿಷದ ಕೆಲಸ.

ಮೊದಲು: ನೀವು ಹೇಗೆ ಮಲಗುತ್ತೀರಿ?

ಕೇಳಿದರೆ ಎಲ್ಲರೂ "ಹೇಗೋ ಮಲಗ್ತೀನಪ್ಪ" ಅಂತಾರೆ. ಆದರೆ ಹೆಚ್ಚಿನವರಿಗೆ ಒಂದು ರೂಢಿ ಇದ್ದೇ ಇರುತ್ತದೆ. ನಿದ್ದೆ ಹತ್ತುವಾಗಿನ ಭಂಗಿಗಿಂತ ಎಚ್ಚರವಾದಾಗಿನ ಭಂಗಿ ಗಮನಿಸಿ. ಒಂದು ವಾರ, ಕಣ್ಣು ಬಿಟ್ಟ ತಕ್ಷಣ, ಅಲ್ಲಾಡುವ ಮೊದಲು: ಮಗ್ಗುಲಾ, ಅಂಗಾತವಾ, ಬೋರಲಾ? ಪಕ್ಕದಲ್ಲಿ ಮಲಗುವವರನ್ನೂ ಕೇಳಿ. ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಮಗ್ಗುಲಾಗಿ ಮಲಗುವವರಿಗೆ ದಿಂಬು ಎತ್ತರವಾಗಿ, ಸ್ವಲ್ಪ ಗಟ್ಟಿಯಾಗಿ ಇರಬೇಕು, ಯಾಕೆಂದರೆ ಕಿವಿಗೂ ಹಾಸಿಗೆಗೂ ನಡುವೆ ಭುಜದ ಅಗಲದಷ್ಟು ಜಾಗ ಇರುತ್ತದೆ. ಅಂಗಾತ ಮಲಗುವವರಿಗೆ ಮಧ್ಯಮ ಎತ್ತರ ಸಾಕು. ಬೋರಲು ಮಲಗುವವರಿಗೆ ತೀರಾ ತೆಳು, ಇಲ್ಲವೇ ದಿಂಬೇ ಬೇಡ. ಬೋರಲು ಮಲಗಿದರೆ ಉಸಿರಾಡಲು ಮುಖ ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಲೇಬೇಕು. ಗಂಟೆಗಟ್ಟಲೆ ಹಾಗೆ ತಿರುಗಿದ ಕತ್ತಿಗೆ ಯಾವ ದಿಂಬೂ ಪೂರ್ತಿ ಪರಿಹಾರ ಕೊಡಲಾರದು. ಅಂಥವರು ಒಂದು ಉದ್ದ ದಿಂಬನ್ನು ಅಪ್ಪಿಕೊಂಡು ಮಗ್ಗುಲಾಗಿ ಮಲಗುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು. ಹೊಟ್ಟೆಗೆ ಏನೋ ಒತ್ತಿದ ಹಾಗೆ ಇರುತ್ತದೆ, ಅರ್ಧ ಬೋರಲು ಮಲಗಿದ ಸಮಾಧಾನ ಸಿಗುತ್ತದೆ, ಕತ್ತು ಮಾತ್ರ ಅಷ್ಟು ತಿರುಗುವುದಿಲ್ಲ.

ರಾತ್ರಿಯಿಡೀ ಅಂಗಾತ, ಮಗ್ಗುಲು ಅಂತ ಹೊರಳಾಡುವವರೂ ಇದ್ದಾರೆ. ಅವರು ಮಗ್ಗುಲಿನ ಅಳತೆ ಇಟ್ಟುಕೊಂಡು ಅದಕ್ಕಿಂತ ಸ್ವಲ್ಪ ಮೆತ್ತನೆಯ ದಿಂಬು ನೋಡಲಿ. ನಡುವೆ ತಗ್ಗು, ಎರಡು ಪಕ್ಕ ಎತ್ತರ ಇರುವ ದಿಂಬೂ ಸಿಗುತ್ತದೆ. ಹೊರಳಾಡುವವರಿಗೆ ಅದು ಚೆನ್ನಾಗಿ ಒಗ್ಗುತ್ತದೆ.

ಅಳತೆ ತೆಗೆಯುವುದು

ಈ ಕೆಲಸಕ್ಕೆ ಬೇಕಾದ್ದು ಒಂದು ಗೋಡೆ, ಒಂದು ಸ್ಕೇಲು ಅಥವಾ ಟೇಪು, ಜತೆಗೆ ಒಬ್ಬರು. ದುಡ್ಡು ಖರ್ಚು ಮಾಡುವ ಮೊದಲು ಇದನ್ನು ಮಾಡಲೇಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಚಪ್ಪಲಿಗಾದರೆ ಕಾಲಿನ ಅಳತೆ ನೋಡುತ್ತೇವೆ, ದಿಂಬಿಗೆ ಮಾತ್ರ ಯಾರೂ ಕತ್ತಿನ ಅಳತೆ ನೋಡುವುದಿಲ್ಲ.

ಮಗ್ಗುಲಾಗಿ ಮಲಗುವವರು ಗೋಡೆಗೆ ಪಕ್ಕವಾಗಿ ನಿಲ್ಲಿ, ಭುಜ ಗೋಡೆಗೆ ತಾಗಿರಲಿ. ಮುಖ ಎದುರಿಗೆ, ನೋಟ ನೇರ. ಭುಜ ಕಿವಿಯ ಕಡೆ ಎತ್ತಬೇಡಿ, ಸಡಿಲ ಬಿಡಿ. ಈಗ ಕಿವಿಯ ಮೇಲ್ಭಾಗದಲ್ಲಿ, ತಲೆಯ ಪಕ್ಕದಿಂದ ಗೋಡೆಗೆ ಎಷ್ಟು ದೂರ ಅಂತ ಜತೆಯವರು ಅಳೆಯಲಿ. ದೊಡ್ಡವರಲ್ಲಿ ಹೆಚ್ಚಿನವರಿಗೆ ಇದು 12ರಿಂದ 15 ಸೆಂ.ಮೀ. ಆಸುಪಾಸು ಬರುತ್ತದೆ. ಅಗಲ ಭುಜದ ಗಂಡಸರಿಗೆ ಜಾಸ್ತಿ, ಸಣ್ಣ ಮೈಕಟ್ಟಿನ ಹೆಂಗಸರಿಗೆ ಕಮ್ಮಿ. ಗಂಡ ಹೆಂಡತಿ ಇಬ್ಬರೂ ಒಂದೇ ಜತೆ ದಿಂಬು ತಂದು ಹಂಚಿಕೊಳ್ಳುವುದರಲ್ಲಿ ಇರುವ ತೊಂದರೆ ಇದೇ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಎರಡು ಬೆರಳು ಹೆಚ್ಚಾಗಿಯೋ ಕಮ್ಮಿಯಾಗಿಯೋ ಇರುತ್ತದೆ.

ಬಂದ ಅಳತೆಯನ್ನು ಹಾಗೇ ತೆಗೆದುಕೊಳ್ಳಬೇಡಿ. ಮಲಗಿದಾಗ ಭುಜ ಹಾಸಿಗೆಯಲ್ಲಿ ಸ್ವಲ್ಪ ಹೂತುಕೊಳ್ಳುತ್ತದೆ, ಅದನ್ನು ಕಳೆಯಬೇಕು. ನೆಲದ ಮೇಲೆ ಚಾಪೆ ಹಾಸಿಯೋ ಗಟ್ಟಿ ಹತ್ತಿ ಹಾಸಿಗೆಯ ಮೇಲೋ ಮಲಗುವವರು ಒಂದೆರಡು ಸೆಂ.ಮೀ. ಕಳೆದರೆ ಸಾಕು. ತೆಂಗಿನ ನಾರಿನ ಹಾಸಿಗೆಗೂ ಹೆಚ್ಚುಕಮ್ಮಿ ಅಷ್ಟೇ. ಮೆತ್ತನೆ ಫೋಮ್ ಹಾಸಿಗೆಯಾದರೆ 3–4 ಸೆಂ.ಮೀ. ಕಳೆಯಿರಿ. ಹಾಸಿಗೆ ಬದಲಾಯಿಸಿದ ಮೇಲೆ ಹಳೇ ದಿಂಬಿನಲ್ಲೇ ಹೊಸದಾಗಿ ಕತ್ತು ನೋವು ಶುರುವಾಗುವುದು ಇದರಿಂದಲೇ. ಹಾಸಿಗೆ ಮೆತ್ತಗಾಯಿತು, ಭುಜ ಕೆಳಗೆ ಹೋಯಿತು, ದಿಂಬು ಮಾತ್ರ ಅಷ್ಟೇ ಎತ್ತರದಲ್ಲಿ ಉಳಿಯಿತು.

ಅಂಗಾತ ಮಲಗುವವರು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಮ್ಮಡಿ, ಪೃಷ್ಠ, ಬೆನ್ನು ಗೋಡೆಗೆ ತಾಗಲಿ. ತಲೆಯನ್ನು ಬಲವಂತವಾಗಿ ಹಿಂದಕ್ಕೆ ಒತ್ತಬೇಡಿ, ನಿಮ್ಮ ಸಹಜ ನಿಲುವಿನಲ್ಲೇ ಇರಲಿ. ತಲೆಯ ಹಿಂಭಾಗಕ್ಕೂ ಗೋಡೆಗೂ ನಡುವಿನ ಸಂದಿ ನೋಡಿ. ಕೆಲವರಿಗೆ ಎರಡು ಬೆರಳು ತೂರುತ್ತದೆ, ಕೆಲವರಿಗೆ ನಾಲ್ಕು. ಇಷ್ಟು ಎತ್ತರ ತಲೆಯ ಕೆಳಗೆ ಬೇಕು, ಅದರ ಮೇಲೆ ಕತ್ತಿನ ಕುಳಿ ತುಂಬುವಷ್ಟು ಇನ್ನೊಂದಿಷ್ಟು. ತಲೆ ಇಟ್ಟು ದಿಂಬು ತಗ್ಗಿದ ಮೇಲೆ 5ರಿಂದ 8 ಸೆಂ.ಮೀ. ಉಳಿದರೆ ಹೆಚ್ಚಿನವರಿಗೆ ಸರಿಹೋಗುತ್ತದೆ.

'ತಗ್ಗಿದ ಮೇಲೆ' ಅನ್ನುವುದನ್ನು ಮರೆಯಬೇಡಿ. ಪ್ಯಾಕೆಟ್ಟಿನಲ್ಲಿ 18 ಸೆಂ.ಮೀ. ಉಬ್ಬಿಕೊಂಡ ಫೈಬರ್ ದಿಂಬು ತಲೆ ಇಟ್ಟ ಕೂಡಲೇ ಅರ್ಧಕ್ಕೆ ಇಳಿಯಬಹುದು. 12 ಸೆಂ.ಮೀ.ನ ಲ್ಯಾಟೆಕ್ಸ್ (ರಬ್ಬರ್ ಹಾಲಿನಿಂದ ಮಾಡಿದ) ದಿಂಬು ಹೆಚ್ಚು ಇಳಿಯುವುದಿಲ್ಲ. ಬರೀ ಕಣ್ಣಳತೆಯಲ್ಲಿ ತಂದರೆ ಮೋಸ ಹೋಗುವುದು ಇಲ್ಲೇ.

ಟವೆಲ್ ಮಡಚಿ ನೋಡಿ

ಅಳತೆ ಸರಿಯಾಗಿದೆಯಾ ಅಂತ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಎರಡು ಮೂರು ದಪ್ಪ ಸ್ನಾನದ ಟವೆಲ್ ತೆಗೆದುಕೊಳ್ಳಿ. ದಿಂಬಿನ ಅಗಲಕ್ಕೆ ಮಡಚಿ, ಒಂದರ ಮೇಲೊಂದು ಇಟ್ಟು, ನೀವು ಲೆಕ್ಕ ಹಾಕಿದ ಎತ್ತರಕ್ಕೆ ತನ್ನಿ. ಟವೆಲ್ ಸಾಲದಿದ್ದರೆ ಹಳೇ ಕಂಬಳಿ ಮಡಚಿ ಅಡಿಗೆ ಇಡಿ. ದಿನಾ ಮಲಗುವ ಹಾಸಿಗೆಯ ಮೇಲೇ, ದಿನಾ ಮಲಗುವ ಹಾಗೇ ಮಲಗಿ. ಭುಜ ಹಾಸಿಗೆಯ ಮೇಲಿರಬೇಕು, ತಲೆ ಮತ್ತು ಕತ್ತು ಮಾತ್ರ ಟವೆಲ್ ಮೇಲೆ. ಬಹಳ ಜನ ಭುಜವನ್ನೂ ದಿಂಬಿನ ಮೇಲೆ ಏರಿಸಿಕೊಂಡು ಮಲಗುತ್ತಾರೆ. ಹಾಗೆ ಮಾಡಿದರೆ ದಿಂಬು ಇದ್ದೂ ಇಲ್ಲದ ಹಾಗೆ. ಭುಜವೂ ಎತ್ತರಕ್ಕೆ ಹೋಯಿತು, ಕತ್ತಿನ ಕೆಳಗೆ ಮತ್ತೆ ಸಂದಿ ಉಳಿಯಿತು.

ಜತೆಯವರು ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆಯಲಿ. ಮಗ್ಗುಲಾಗಿ ಮಲಗಿದ್ದರೆ ಬೆನ್ನ ಹಿಂದಿನಿಂದ, ಕ್ಯಾಮೆರಾ ಹಾಸಿಗೆಯ ಮಟ್ಟಕ್ಕೆ ಇಳಿಸಿ. ತಲೆಯ ಹಿಂಭಾಗದ ನಡು, ಕತ್ತಿನ ನಡು, ಬೆನ್ನುಮೂಳೆ ಒಂದೇ ಗೆರೆಯಲ್ಲಿ ಬಂದಿರಬೇಕು. ತಲೆ ಹಾಸಿಗೆ ಕಡೆ ಬಾಗಿದ್ದರೆ ಇನ್ನೊಂದು ಮಡಿಕೆ ಸೇರಿಸಿ. ಮೇಲಿನ ಭುಜದ ಕಡೆ ಬಾಗಿದ್ದರೆ ಒಂದು ಮಡಿಕೆ ತೆಗೆಯಿರಿ. ಅಂಗಾತ ಮಲಗಿದ್ದರೆ ಪಕ್ಕದಿಂದ ಫೋಟೊ ತೆಗೆಯಿರಿ. ಮುಖ ನೇರ ಮಾಡಿನ ಜಂತೆ ನೋಡುತ್ತಿರಬೇಕು. ಗದ್ದ ಮೇಲೆದ್ದು ಹಿಂದಿನ ಗೋಡೆ ಕಂಡರೆ ಎತ್ತರ ಸಾಲದು. ಗದ್ದ ಎದೆಗೆ ಬಂದು ಕಾಲ್ಬೆರಳು ಕಂಡರೆ ಎತ್ತರ ಜಾಸ್ತಿಯಾಯಿತು.

ಈ ಟವೆಲ್ ದಿಂಬಿಗೆ ಹಳೇ ಕವರ್ ಹಾಕಿ ಮೂರು ನಾಲ್ಕು ರಾತ್ರಿ ಮಲಗಿ ನೋಡಿ. ಗಟ್ಟಿ ಇರುತ್ತದೆ, ಅಷ್ಟು ಹಾಯೆನಿಸುವುದಿಲ್ಲ, ಆದರೆ ಬೆಳಿಗ್ಗೆ ಕತ್ತು ಹೇಗಿದೆ ಅನ್ನುವುದು ಗೊತ್ತಾಗುತ್ತದೆ. ಸರಿ ಅನಿಸಿದ ಎತ್ತರವನ್ನು ಕೈಯಿಂದ ಸ್ವಲ್ಪ ಒತ್ತಿ ಹಿಡಿದು ಸ್ಕೇಲಿನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಅಂಗಡಿಗೆ ಹೋಗುವಾಗ ಆ ಚೀಟಿ ಜೇಬಿನಲ್ಲಿರಲಿ.

ಎಲ್ಲರಿಗೂ ಒಂದೇ ಲೆಕ್ಕ ಅಲ್ಲ

ವಯಸ್ಸಾದವರ ವಿಷಯದಲ್ಲಿ ಹುಷಾರಾಗಿರಬೇಕು. ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಮ್ಮ ಎರಡು ಗಟ್ಟಿ ಹತ್ತಿ ದಿಂಬು ಇಟ್ಟು ಮಲಗುತ್ತಿದ್ದರು. ಮಗ ಎಲ್ಲೋ ಓದಿ ಎರಡನ್ನೂ ತೆಗೆಸಿ, ಒಂದು ತೆಳು ದಿಂಬು ಕೊಟ್ಟ. ಅವರಿಗೆ ನಿದ್ದೆಯೇ ಹೋಯಿತು. ತಲೆ ಹಿಂದಕ್ಕೆ ಜೋತುಬಿದ್ದ ಹಾಗಾಗುತ್ತದೆ, ಏಳುವಾಗ ತಲೆ ಸುತ್ತುತ್ತದೆ ಅಂದರು. ಗೋಡೆಗೆ ನಿಲ್ಲಿಸಿ ನೋಡಿದರೆ ಬೆನ್ನು ತಾಗಿದೆ, ತಲೆ ಮಾತ್ರ ಗೋಡೆಯಿಂದ ನಾಲ್ಕು ಬೆರಳಿಗಿಂತ ಜಾಸ್ತಿ ಮುಂದಿದೆ. ತೋಟ, ಕೊಟ್ಟಿಗೆ, ಒಲೆ ಮುಂದೆ ಬಗ್ಗಿ ಕೆಲಸ ಮಾಡಿದ ಬೆನ್ನು, ಮೇಲುಗಡೆ ಬಾಗಿಹೋಗಿತ್ತು. ಅಂಥ ಬೆನ್ನಿಗೆ ಎತ್ತರದ ಆಸರೆ ಬೇಕೇ ಬೇಕು. ಒಂದು ಗಟ್ಟಿ ದಿಂಬು, ಅದರ ಮೇಲೆ ಟವೆಲ್ ಎರಡು ಮಡಿಕೆ ಹಾಕಿ, ಕತ್ತಿನ ಕುಳಿಗೆ ಇನ್ನೊಂದು ಸಣ್ಣ ಟವೆಲ್ ಸುರುಳಿ ಇಟ್ಟೆವು. ಮುಖ ನೇರವಾಯಿತು. "ಪೇಟೆಯಿಂದ ಏನೂ ತರೋದು ಬೇಡ ಮಾರಾಯ್ತಿ, ಇದೇ ಸಾಕು" ಅಂದರು. ಅವರು ಈಗಲೂ ಹಾಗೇ ಮಲಗುತ್ತಾರೆ. ಬೆನ್ನು ಬಾಗಿದವರ ದಿಂಬು ಕಿತ್ತುಕೊಳ್ಳಬೇಡಿ ಅಂತ ಎಲ್ಲ ಮಕ್ಕಳಿಗೂ ಸೊಸೆಯಂದಿರಿಗೂ ಹೇಳಬೇಕು ಅನಿಸುತ್ತದೆ.

ಹುಳಿ ತೇಗು, ಎದೆಯುರಿ ಇರುವವರು ದಿಂಬಿನ ಮೇಲೆ ದಿಂಬು ಪೇರಿಸುತ್ತಾರೆ. ಅದರಿಂದ ಕತ್ತು ಮತ್ತು ಸೊಂಟದ ಹತ್ತಿರ ಮೈ ಮಡಚಿ, ಹೊಟ್ಟೆ ಒತ್ತಿ, ಉರಿ ಹೆಚ್ಚೇ ಆಗಬಹುದು. ಮಂಚದ ತಲೆ ಕಡೆಯ ಎರಡು ಕಾಲಿನ ಕೆಳಗೆ ಮರದ ತುಂಡು ಇಟ್ಟು 15ರಿಂದ 20 ಸೆಂ.ಮೀ. ಎತ್ತರಿಸಿ. ಮಂಚ ಅಲ್ಲಾಡದ ಹಾಗೆ ಭದ್ರವಾಗಿರಲಿ. ನೆಲದ ಮೇಲೆ ಮಲಗುವವರಿಗೆ ಸೊಂಟದಿಂದ ತಲೆವರೆಗೆ ಇಳಿಜಾರಾಗಿರುವ ಫೋಮ್ ದಿಂಬು ಸಿಗುತ್ತದೆ. ಎಡಮಗ್ಗುಲು ಮಲಗಿದರೂ ಹುಳಿ ಮೇಲೆ ಬರುವುದು ಕಮ್ಮಿಯಾಗುತ್ತದೆ. ಇದರ ಜತೆ ಊಟ ಆದ ಮೇಲೆ ಎರಡು ಮೂರು ಗಂಟೆ ಬಿಟ್ಟು ಮಲಗುವುದೂ ಬೇಕು.

ಗೊರಕೆಗೆ ಮಗ್ಗುಲಾಗಿ ಮಲಗುವುದು ಸಹಾಯ ಮಾಡುತ್ತದೆ. ಆದರೆ ಗೊರಕೆ ನಡುವೆ ಉಸಿರೇ ನಿಂತು, ಆಮೇಲೆ ಗಕ್ಕನೆ ಎದ್ದು ಉಸಿರೆಳೆದುಕೊಳ್ಳುವವರು, ಹಗಲೆಲ್ಲ ತೂಕಡಿಸುವವರು ದಿಂಬು ಹುಡುಕುತ್ತಾ ಕೂರಬಾರದು. ಅದಕ್ಕೆ ವೈದ್ಯರಿಂದ ನಿದ್ದೆಯ ತಪಾಸಣೆ ಆಗಬೇಕು.

ಬಸುರಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಮಗ್ಗುಲಾಗಿ ಮಲಗಲು ವೈದ್ಯರು ಹೇಳುತ್ತಾರೆ. ತಲೆಯ ಕೆಳಗೆ ಒಂದು, ಮೊಣಕಾಲ ನಡುವೆ ಒಂದು, ಹೊಟ್ಟೆಯ ಅಡಿಗೆ ಸಣ್ಣದೊಂದು, ಹೀಗೆ ಮೂರು ದಿಂಬು ಇದ್ದರೆ ಸೊಂಟಕ್ಕೆ ಬಹಳ ಆರಾಮ. ಇದಕ್ಕೆ ಅಂತ ದುಬಾರಿ ಉದ್ದ ದಿಂಬು ತರಲೇಬೇಕೆಂದಿಲ್ಲ.

ಇನ್ನು ಸಾಸಿವೆ ದಿಂಬು. ಬಾಣಂತನಕ್ಕೆ ಹೋದ ಮನೆಯಲ್ಲೆಲ್ಲ ಅಜ್ಜಿಯಂದಿರು ಮಗುವಿನ ತಲೆ ದುಂಡಗಾಗಲಿ ಅಂತ ಪ್ರೀತಿಯಿಂದ ಹೊಲಿದಿಟ್ಟಿರುತ್ತಾರೆ. ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಆದರೂ ಹೇಳಲೇಬೇಕು: ಒಂದು ವರ್ಷ ತುಂಬುವ ತನಕ ಮಲಗುವ ಮಗುವಿಗೆ ಯಾವ ದಿಂಬೂ ಬೇಡ. ಹಸುಗೂಸಿನ ತಲೆ ದೊಡ್ಡದು, ಕತ್ತು ಬಲ ಇಲ್ಲ. ದಿಂಬಿನಿಂದ ಗದ್ದ ಎದೆಗೆ ಬಾಗಿದರೆ ಉಸಿರಿನ ದಾರಿ ಕಿರಿದಾಗುತ್ತದೆ, ಮುಖ ದಿಂಬಿಗೆ ಹೊಕ್ಕರೆ ಮಗುವಿಗೆ ತಿರುಗಿಸಿಕೊಳ್ಳಲು ಆಗುವುದಿಲ್ಲ. ಹೊಲಿಗೆ ಬಿಚ್ಚಿ ಸಾಸಿವೆ ಕಾಳು ಹೊರಬಂದರೆ ಅದೂ ಅಪಾಯ. ಮಗುವನ್ನು ಸಮತಟ್ಟಾದ, ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ತಲೆ ಒಂದೇ ಕಡೆ ಚಪ್ಪಟೆಯಾಗದಿರಲು ಮಲಗಿಸುವಾಗ ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ಮುಖ ಮಾಡಿಸಿ. ಎಚ್ಚರ ಇರುವಾಗ, ನೀವು ಎದುರಿಗೇ ಕೂತು, ಸ್ವಲ್ಪ ಹೊತ್ತು ಹೊಟ್ಟೆ ಮೇಲೆ ಮಲಗಿಸಿ ಆಡಿಸಿ. ಯಾವಾಗಲೂ ಒಂದೇ ಕಡೆ ಕತ್ತು ತಿರುಗಿಸುವ ಮಗುವನ್ನು ಮಕ್ಕಳ ಡಾಕ್ಟರಿಗೆ ತೋರಿಸಿ.

ದೊಡ್ಡವರಲ್ಲೂ ದಿಂಬಿಗೆ ಮೀರಿದ ಕತ್ತು ನೋವು ಇರುತ್ತದೆ. ಕೈ ಜೋಮು ಹಿಡಿಯುವುದು, ಬೆರಳಲ್ಲಿ ಬಲ ಕಮ್ಮಿಯಾಗಿ ಲೋಟ ಜಾರುವುದು, ನಡಿಗೆ ತಪ್ಪುವುದು, ಮರದಿಂದಲೋ ಬೈಕಿನಿಂದಲೋ ಬಿದ್ದ ಮೇಲೆ ಬಂದ ನೋವು, ಜ್ವರ-ತಲೆನೋವಿನ ಜತೆ ಕತ್ತು ಬಿಗಿಯುವುದು, ಇವುಗಳಲ್ಲಿ ಯಾವುದಿದ್ದರೂ ತಡ ಮಾಡಬೇಡಿ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಮಂಗನ ಕಾಯಿಲೆಯೂ ಜೋರು ಜ್ವರ, ತಲೆನೋವಿನಿಂದಲೇ ಶುರುವಾಗುತ್ತದೆ ಅನ್ನುವುದು ನೆನಪಿರಲಿ. ಉಳುಕು ತೆಗೆಸುತ್ತೇನೆ ಅಂತ ಯಾರ ಹತ್ತಿರವೋ ಹೋಗಿ ಕತ್ತು ಹಿಡಿದು ತಿರುವಿಸಿಕೊಳ್ಳಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮೂಳೆ ವಿಭಾಗ ಇದೆ, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಿದರೂ ಆಯಿತು.

ಒಳಗೇನು ತುಂಬಿರಬೇಕು? ಮಳೆಯನ್ನು ಕೇಳಿ

ಪೇಟೆಯಲ್ಲಿ ಸಿಗುವ ಸಲಹೆಗಳೆಲ್ಲ ಬಿಸಿಲಿರುವ ಊರಿನವರಿಗೆ ಹೇಳಿದ್ದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿ.ಮೀ.ಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಒಂದೇ ಜಿಲ್ಲೆ, ಆದರೆ ಭದ್ರಾವತಿಯವರಿಗೆ ಸರಿಹೋದ ದಿಂಬು ಹೊಸನಗರದವರಿಗೆ ಆಗಸ್ಟ್ ಹೊತ್ತಿಗೆ ಮುಗ್ಗಲು ವಾಸನೆ ಹೊಡೆಯಬಹುದು.

ಇದು ಬರೀ ವಾಸನೆಯ ಮಾತಲ್ಲ. ಹಾಸಿಗೆ, ದಿಂಬಿನಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳಗಳು ಇರುತ್ತವೆ. ಅವು ನಮ್ಮ ಚರ್ಮದಿಂದ ಉದುರಿದ ಹೊಟ್ಟು ತಿನ್ನುತ್ತವೆ, ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತವೆ. ಗಾಳಿಯಲ್ಲಿ ತೇವಾಂಶ ಶೇ. 50ಕ್ಕಿಂತ ಕೆಳಗಿದ್ದರೆ ಅವಕ್ಕೆ ಉಳಿಯುವುದು ಕಷ್ಟ. ನಮ್ಮ ಮಳೆಗಾಲದಲ್ಲಿ ಅಷ್ಟು ಒಣ ಗಾಳಿ ಎಲ್ಲಿ ಬರಬೇಕು? ಬೆಳಿಗ್ಗೆ ಎದ್ದ ಕೂಡಲೇ ಸಾಲು ಸೀನು, ಮೂಗು ಕಟ್ಟುವುದು, ಕಣ್ಣು ತುರಿಕೆ, ಮಕ್ಕಳಿಗೆ ರಾತ್ರಿ ಉಬ್ಬಸ ಇವೆಲ್ಲಕ್ಕೆ 'ಥಂಡಿ' ಅಂತ ಹೆಸರಿಟ್ಟು ಸುಮ್ಮನಾಗುತ್ತೇವೆ. ಎಷ್ಟೋ ಸಲ ಕಾರಣ ದಿಂಬಿನ ಒಳಗೇ ಇರುತ್ತದೆ. ಹಳೇ ಹತ್ತಿ ದಿಂಬಿನ ಹೊಲಿಗೆ ಒಂದು ಕಡೆ ಬಿಚ್ಚಿ ನೋಡಿ. ನಡುವಿನ ಹತ್ತಿ ಗಂಟುಗಂಟಾಗಿ, ಬೂದು ಬಣ್ಣಕ್ಕೆ ತಿರುಗಿ, ಕೈಗೆ ತಣ್ಣಗೆ ತಾಗುತ್ತದೆ. ಗಂಟು ಬಿಡಿಸಿದರೆ ಕಪ್ಪು ಚುಕ್ಕೆ, ಬೂಷ್ಟಿನ ವಾಸನೆ. ವರ್ಷಗಟ್ಟಲೆ ಬೆವರು, ಎಣ್ಣೆ, ತೇವ ಕುಡಿದ ಹತ್ತಿ ಅದು.

ಹತ್ತಿ ದಿಂಬು ಕೆಟ್ಟದ್ದು ಅನ್ನುತ್ತಿಲ್ಲ. ಗಟ್ಟಿ ಆಸರೆ ಕೊಡುತ್ತದೆ, ಬೇಸಿಗೆಯಲ್ಲಿ ತಲೆ ಬೆವರುವುದಿಲ್ಲ, ಹತ್ತಿ ಹಿಂಜುವವರ ಹತ್ತಿರ ಕೊಟ್ಟರೆ ಮತ್ತೆ ಹೊಸದರ ಹಾಗಾಗುತ್ತದೆ, ನಮಗೆ ಬೇಕಾದ ಎತ್ತರಕ್ಕೆ ಹತ್ತಿ ತುಂಬಿಸಿಕೊಳ್ಳಲೂಬಹುದು. ಈ ಕೊನೆಯ ಅನುಕೂಲ ಕಂಪನಿಯ ದಿಂಬುಗಳಲ್ಲಿ ಅಪರೂಪ. ಆದರೆ ಅದಕ್ಕೆ ಬಿಸಿಲು ಬೇಕು. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆಯವರು ಧೈರ್ಯವಾಗಿ ಇಟ್ಟುಕೊಳ್ಳಬಹುದು. ಘಟ್ಟದ ಅಂಚಿನವರು ಮಳೆಗಾಲಕ್ಕೆ ಬೇರೆ ದಿಂಬು ಇಟ್ಟುಕೊಂಡು, ಹತ್ತಿಯದನ್ನು ಮೇ ತಿಂಗಳ ಬಿಸಿಲಿಗೆ ಕಾಯಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿಡುವುದು ಮೇಲು.

ಬೂರುಗದ ಹತ್ತಿ ಬೇರೆಯೇ ಜಾತಿ. ಅದರ ಎಳೆ ಒಳಗೆ ಟೊಳ್ಳು, ಮೇಲೆ ಮೇಣದಂಥ ನುಣುಪು. ಹಾಗಾಗಿ ನೀರು ಬೇಗ ಹಿಡಿಯುವುದಿಲ್ಲ, ಹಗುರವಾಗಿ ಇರುತ್ತದೆ. ನಮ್ಮ ಕಾಡಂಚಿನಲ್ಲಿ ಎಲೆ ಉದುರಿಸಿ ಕೆಂಪು ಹೂ ಬಿಟ್ಟು ನಿಲ್ಲುವ ಬೂರುಗದ ಕಾಯಿ ಬೇಸಿಗೆಯಲ್ಲಿ ಒಡೆದಾಗ ಹತ್ತಿ ಆರಿಸಿಟ್ಟುಕೊಳ್ಳುವ ಮನೆಗಳು ಇನ್ನೂ ಇವೆ. ಮೆತ್ತಗೆ, ತಂಪು, ಮಳೆಗಾಲಕ್ಕೂ ಹತ್ತಿಗಿಂತ ವಾಸಿ. ಕೊರತೆ ಏನೆಂದರೆ ಎಳೆ ಗಿಡ್ಡ, ಒತ್ತಿ ಒತ್ತಿ ಪುಡಿಯಾಗುತ್ತದೆ, ದಿಂಬು ಚಪ್ಪಟೆಯಾಗುತ್ತಾ ಬರುತ್ತದೆ. ಆಗಾಗ ಬಿಚ್ಚಿ ಹೊಸ ಹತ್ತಿ ಸೇರಿಸಬೇಕು. ಅದರ ನಯ ಪುಡಿ ಸೀನು ತರಿಸುವುದರಿಂದ ಬಟ್ಟೆ ಒತ್ತಾಗಿ ನೇಯ್ದದ್ದಾಗಿರಲಿ. ಅಂಗಾತ ಮಲಗುವವರಿಗೆ ಇದು ನನ್ನ ಮೊದಲ ಆಯ್ಕೆ. ಅಗಲ ಭುಜದ, ಮಗ್ಗುಲಾಗಿ ಮಲಗುವವರಿಗೆ ಇದರ ಆಸರೆ ಸಾಲುವುದಿಲ್ಲ.

ಪಾಲಿಯೆಸ್ಟರ್ ಎಳೆಯ ಫೈಬರ್ ದಿಂಬು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ವಾಷಿಂಗ್ ಮೆಷಿನ್ನಿಗೆ ಹಾಕಬಹುದು, ಫ್ಯಾನ್ ಕೆಳಗೂ ಒಣಗುತ್ತದೆ. ಅಲರ್ಜಿ ಇರುವ ಮನೆಗೆ, ಜೋರು ಮಳೆಯ ಊರಿಗೆ ಇದು ನಿಜಕ್ಕೂ ಅನುಕೂಲದ ದಿಂಬು. ಬೇಗ ಕೂತುಹೋಗುತ್ತದೆ ಅನ್ನುವುದೊಂದೇ ಕೊರತೆ, ಒಂದೆರಡು ವರ್ಷಕ್ಕೆ ಬದಲಾಯಿಸಬೇಕು. ಜಿಪ್ ಇದ್ದು, ಒಳಗಿನ ಎಳೆ ತೆಗೆದು ಹಾಕಿ ಎತ್ತರ ಹೊಂದಿಸಿಕೊಳ್ಳುವಂಥದ್ದು ಸಿಕ್ಕರೆ ಅದನ್ನೇ ತನ್ನಿ.

ಮೆಮೊರಿ ಫೋಮ್ ಹುಟ್ಟಿದ್ದು 1966ರಲ್ಲಿ, ಅಮೆರಿಕದ ನಾಸಾ ಸಂಸ್ಥೆಗಾಗಿ. ವಿಮಾನದ ಸೀಟಿನಲ್ಲಿ ಕೂತವರಿಗೆ ಆಘಾತ ತಟ್ಟಬಾರದು ಅಂತ ಮಾಡಿದ ವಸ್ತು. ಮೈಯ ಬಿಸಿಗೆ ಮೆತ್ತಗಾಗಿ ತಲೆ ಕತ್ತಿನ ಆಕಾರಕ್ಕೆ ಕೂರುತ್ತದೆ. ಬಿಸಿಗೆ ಮೆತ್ತಗಾಗುವುದು ಅಂದರೆ ಚಳಿಗೆ ಗಟ್ಟಿಯಾಗುವುದು. ಧನುರ್ಮಾಸದ ಚಳಿಯಲ್ಲಿ ಹಲಗೆಯ ಹಾಗಿದೆ, ಏಪ್ರಿಲ್ ಸೆಕೆಯಲ್ಲಿ ತಲೆ ಹೂತುಹೋಗುತ್ತದೆ ಅಂತ ದೂರುವವರು ಒಂದೇ ದಿಂಬಿನ ಬಗ್ಗೆ ಹೇಳುತ್ತಿರುತ್ತಾರೆ. ತೊಳೆಯಲು ಬರುವುದಿಲ್ಲ, ಒದ್ದೆಯಾದರೆ ಒಳಗಿನ ನೀರು ಆರುವುದೇ ಇಲ್ಲ, ಬಿಸಿಲಿಗೆ ಹಾಕಿದರೆ ಹಳದಿಯಾಗಿ ಪುಡಿಯಾಗುತ್ತದೆ. ಕತ್ತಿನ ಆಕಾರಕ್ಕೆ ಕೂರುವ ಗುಣ ಮಾತ್ರ ನಿಜ, ಮಗ್ಗುಲಾಗಿ ಮಲಗುವ ಬಹಳ ಜನರಿಗೆ ಒಗ್ಗಿದೆ. ಎರಡು ಅಂಚಿನಲ್ಲಿ ಉಬ್ಬಿರುವ, ನಡುವೆ ತಗ್ಗಿರುವ ದಿಂಬು ತಂದರೆ ಎರಡು ಉಬ್ಬಿನ ಎತ್ತರ ಬೇರೆ ಬೇರೆ ಇರುತ್ತದೆ. ನಿಮ್ಮ ಚೀಟಿಯ ಅಳತೆಗೆ ಹತ್ತಿರದ ಉಬ್ಬು ಕತ್ತಿನ ಕೆಳಗೆ ಬರಲಿ, ತಲೆ ತಗ್ಗಿನಲ್ಲಿ ಕೂರಲಿ.

ಲ್ಯಾಟೆಕ್ಸ್ ಅಂದರೆ ರಬ್ಬರ್ ಹಾಲಿನಿಂದ ಮಾಡಿದ್ದು. ತೂತು ತೂತಾಗಿರುವುದರಿಂದ ಗಾಳಿಯಾಡುತ್ತದೆ, ಚಳಿ ಸೆಕೆಗೆ ಗಟ್ಟಿ ಮೆತ್ತಗೆ ಆಗುವುದಿಲ್ಲ, ಎತ್ತರ ವರ್ಷಗಟ್ಟಲೆ ಹಾಗೇ ನಿಲ್ಲುತ್ತದೆ. ಮಲೆನಾಡಿನಲ್ಲಿ, ಮಗ್ಗುಲಾಗಿ ಮಲಗುವವರು, ದುಡ್ಡು ಹಾಕಲು ತಯಾರಿದ್ದರೆ ನಾನು ಹೇಳುವುದು ಇದನ್ನೇ. ಫೈಬರಿನ ಹಲವು ಪಟ್ಟು ಬೆಲೆ ಆಗುತ್ತದೆ. ರಬ್ಬರ್ ಅಲರ್ಜಿ ಇರುವವರಿಗೆ ಬೇಡ. ಇದನ್ನೂ ನೆರಳಲ್ಲೇ ಆರಿಸಬೇಕು.

ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಬಟ್ಟೆಯನ್ನೆಲ್ಲ ಬಚ್ಚಲೊಲೆಯ ಮೇಲೆ ಹಗ್ಗಕ್ಕೆ ಹಾಕುವುದು ನಮ್ಮಲ್ಲಿ ರೂಢಿ. ಫೋಮ್, ಫೈಬರ್, ಲ್ಯಾಟೆಕ್ಸ್ ದಿಂಬನ್ನು ಅಲ್ಲಿ ಹಾಕಲೇಬೇಡಿ. ಕಿಡಿ ಹಾರಿದರೆ ಧಗ್ಗನೆ ಹೊತ್ತಿಕೊಳ್ಳುತ್ತವೆ, ಅದರ ಹೊಗೆ ವಿಷ. ಕವರ್ ಬೇಕಾದರೆ ದೂರದಲ್ಲಿ ಒಣಗಿಸಿ, ದಿಂಬಿಗೆ ಫ್ಯಾನ್ ಗಾಳಿ ಸಾಕು.

ಅಂಗಡಿಯಲ್ಲಿ

ಗಾಂಧಿ ಬಜಾರೋ, ದುರ್ಗಿಗುಡಿಯೋ, ನಿಮ್ಮೂರ ಸಂತೆಯೋ, ಎಲ್ಲಿ ಹೋದರೂ ಚೀಟಿ ಮತ್ತು ಸ್ಕೇಲು ಜತೆಗಿರಲಿ. ಅಂಗಡಿಯವರು ಮುಷ್ಟಿಯಿಂದ ಗುದ್ದಿ "ನೋಡಿ ಅಮ್ಮಾ, ಹೇಗೆ ಏಳುತ್ತೆ" ಅಂತ ತೋರಿಸುತ್ತಾರೆ. ಮುಷ್ಟಿಗೆ ಏಳುವುದು ಬೇರೆ, ತಲೆ ಇಟ್ಟು ರಾತ್ರಿ ಕಳೆಯುವುದು ಬೇರೆ. ಹಾಸಿಗೆ ಮಾರುವ ಅಂಗಡಿಯಾದರೆ ಅಲ್ಲೇ ಐದು ನಿಮಿಷ ಮಗ್ಗುಲಾಗಿ ಮಲಗಿ ನೋಡಲು ಕೇಳಿ, ನಾಚಿಕೆ ಬೇಡ. ಮಲಗಲು ಆಗದಿದ್ದರೆ ದಿಂಬಿನ ನಡುವೆ ಎರಡೂ ಅಂಗೈ ಇಟ್ಟು ತಲೆಯಷ್ಟು ಭಾರ ಹಾಕಿ, ಅರ್ಧ ನಿಮಿಷ ಹಿಡಿದು, ಪಕ್ಕದಲ್ಲಿ ಸ್ಕೇಲಿಟ್ಟು ಉಳಿದ ಎತ್ತರ ನೋಡಿ. ಆನ್‌ಲೈನ್‌ನಲ್ಲಿ ತರಿಸುವವರು ವಿವರದಲ್ಲಿ ಎತ್ತರ ಬರೆದಿದೆಯಾ ನೋಡಿ. ಬರೆದಿಲ್ಲದ ದಿಂಬು ಬೇಡ. ಬಳಸಿದ ದಿಂಬನ್ನು ಹೆಚ್ಚಿನ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ, ದುಡ್ಡು ಕೊಡುವ ಮೊದಲೇ ಕೇಳಿ.

'ಆರ್ಥೋಪೆಡಿಕ್' (ಮೂಳೆಗೆ), 'ಸರ್ವೈಕಲ್' (ಕತ್ತಿಗೆ) ಅಂತ ಪ್ಯಾಕೆಟ್ ಮೇಲೆ ದೊಡ್ಡದಾಗಿ ಬರೆದಿದ್ದಕ್ಕೆ ಮರುಳಾಗಬೇಡಿ. ನಿಮ್ಮ ಎತ್ತರಕ್ಕೆ ಹೊಂದದಿದ್ದರೆ ಆ ಹೆಸರಿನಿಂದ ಏನೂ ಪ್ರಯೋಜನ ಇಲ್ಲ.

ದಿಂಬಿನ ಜತೆಗೇ ಎರಡು ವಸ್ತು ತನ್ನಿ: ಜಿಪ್ ಇರುವ, ಒತ್ತಾಗಿ ನೇಯ್ದ ಒಳಕವರ್ ಒಂದು, ಹತ್ತಿಯ ಹೊರಕವರ್ ಕನಿಷ್ಠ ಮೂರು. ಮಳೆಗಾಲದಲ್ಲಿ ಒಗೆದ ಕವರ್ ಒಣಗಲು ಎರಡು ದಿನ ಹಿಡಿದರೂ ತೊಂದರೆ ಆಗುವುದಿಲ್ಲ. ದಿಂಬಿನ ಉದ್ದ ಅಗಲ ನೋಡಿಯೇ ಕವರ್ ತೆಗೆದುಕೊಳ್ಳಿ. 17×27 ಇಂಚಿನದು ಸುಲಭವಾಗಿ ಸಿಗುತ್ತದೆ, ಬೇರೆ ಅಳತೆಗೆ ಹುಡುಕಬೇಕಾಗುತ್ತದೆ. ಬಿಗಿ ಕವರ್ ಹಾಕಿದರೆ ದಿಂಬು ಉಬ್ಬಿ ಎತ್ತರವೇ ಬದಲಾಗುತ್ತದೆ.

ತಂದ ಮೇಲೆ

ಫೋಮ್, ಲ್ಯಾಟೆಕ್ಸ್ ದಿಂಬಿಗೆ ಮೊದಲು ಒಂದೆರಡು ದಿನ ರಬ್ಬರಿನಂಥ ವಾಸನೆ ಇರುತ್ತದೆ. ಕಿಟಕಿ ತೆರೆದ ಕೋಣೆಯಲ್ಲಿ ಬಿಟ್ಟು ಆಮೇಲೆ ಬಳಸಿ. ಹೊಸ ಎತ್ತರಕ್ಕೆ ಕತ್ತು ಒಗ್ಗಲು ಒಂದೆರಡು ವಾರ ಬೇಕು. ಮೊದಲ ರಾತ್ರಿಯೇ ಸರಿಯಿಲ್ಲ ಅಂತ ಮೂಲೆಗೆ ಹಾಕಬೇಡಿ. ಎರಡು ವಾರ ಕಳೆದರೂ ಬೆಳಿಗ್ಗೆ ಬಿಗಿತ ಇದ್ದರೆ ಮತ್ತೆ ಫೋಟೊ ತೆಗೆದು ನೋಡಿ. ಎತ್ತರ ಸಾಲದಿದ್ದರೆ ಕವರ್ ಒಳಗೆ, ದಿಂಬಿನ ಅಡಿಗೆ ಟವೆಲ್ ಮಡಿಕೆ ಸೇರಿಸಿ. ಜಾಸ್ತಿಯಾದರೆ ಫೈಬರನ್ನೋ ಹತ್ತಿಯನ್ನೋ ಹೊಲಿಗೆ ಬಿಚ್ಚಿ ತೆಗೆಯಬಹುದು.

ಅಡಿಕೆ ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೆ ಕತ್ತು ಬಗ್ಗಿಸಿ ಸುಲಿಯುವವರಿಗೆ, ದಿನವಿಡೀ ಮೊಬೈಲ್ ಮೇಲೆ ಬಾಗಿರುವವರಿಗೆ ದಿಂಬೊಂದೇ ಸಾಲುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಭುಜ ಹಿಂದಕ್ಕೆ ಸುತ್ತಿಸಿ, ಗದ್ದ ನಿಧಾನ ಒಳಕ್ಕೆ ಎಳೆದು ಬಿಡಿ. ರಾತ್ರಿಯ ದಿಂಬು ಹಗಲಿನ ತಪ್ಪನ್ನು ಅಳಿಸಲಾರದು.

ಹೊರಕವರನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ. ಧೂಳಿನ ಹುಳ ಸಾಯಲು ನೀರು 60 ಡಿಗ್ರಿಯಷ್ಟು ಬಿಸಿ ಇರಬೇಕು, ಹಂಡೆಯ ಕುದಿನೀರು ಬೆರೆಸಿ ಅರ್ಧ ಗಂಟೆ ನೆನೆಸಿದರೂ ಆಯಿತು, ಕೈ ಸುಟ್ಟುಕೊಳ್ಳಬೇಡಿ. ತಲೆಗೆ ಎಣ್ಣೆ ಹಚ್ಚಿ ಮಲಗುವವರು ದಿಂಬಿನ ಮೇಲೆ ಹಳೇ ಪಂಚೆ ತುಂಡು ಹಾಸಿಕೊಳ್ಳಲಿ. ತಲೆಸ್ನಾನ ಮಾಡಿ ಒದ್ದೆ ಕೂದಲಲ್ಲಿ ಮಲಗಲೇಬೇಡಿ, ಮಳೆಗಾಲದಲ್ಲಂತೂ ದಿಂಬಿಗೆ ಬೂಷ್ಟು ಬರುವ ದಾರಿ ಅದೇ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಸುತ್ತಿಡುವ ಬದಲು ದಿಂಬನ್ನು ನಿಲ್ಲಿಸಿ, ಒಂದು ಗಂಟೆ ಗಾಳಿಯಾಡಲು ಬಿಡಿ. ಬಿಸಿಲು ಬಿದ್ದ ದಿನ ಹತ್ತಿ, ಬೂರುಗದ ದಿಂಬು ಅಂಗಳಕ್ಕೆ, ಫೋಮ್ ಮತ್ತು ಲ್ಯಾಟೆಕ್ಸ್ ಜಗಲಿಯ ನೆರಳಿಗೆ.

ಯಾವಾಗ ಬದಲಾಯಿಸಬೇಕು? ಫೈಬರ್ ದಿಂಬನ್ನು ನಡುವಿಗೆ ಮಡಚಿ, ಒಂದು ನಿಮಿಷ ಕೈ ಇಟ್ಟು, ಬಿಡಿ. ತಾನಾಗಿ ಬಿಚ್ಚಿಕೊಳ್ಳದಿದ್ದರೆ ಅದರ ಆಯಸ್ಸು ಮುಗಿಯಿತು. ಫೋಮಿನಲ್ಲಿ ತಲೆಯ ಗುಳಿ ಹಗಲೂ ಉಳಿದಿದ್ದರೆ, ಹತ್ತಿಯಲ್ಲಿ ಗಂಟು ಕೈಗೆ ಸಿಕ್ಕರೆ, ಯಾವುದರಲ್ಲೇ ಆಗಲಿ ಗಾಳಿಗೆ ಇಟ್ಟರೂ ಮುಗ್ಗಲು ವಾಸನೆ ಹೋಗದಿದ್ದರೆ ಅದನ್ನು ಇಟ್ಟುಕೊಳ್ಳಬೇಡಿ. ವಾಸನೆ ಬಾರದೆ ಬರೀ ಚಪ್ಪಟೆಯಾದದ್ದು ಇದ್ದರೆ ಎಸೆಯುವುದು ಬೇಡ. ಮಗ್ಗುಲಾಗಿ ಮಲಗುವವರು ಅದನ್ನು ಮೊಣಕಾಲ ನಡುವೆ, ಅಂಗಾತ ಮಲಗುವವರು ಮಂಡಿಯ ಕೆಳಗೆ ಇಟ್ಟುಕೊಂಡರೆ ಸೊಂಟಕ್ಕೆ ಆಸರೆಯಾಗುತ್ತದೆ. ಹೊಸ ದಿಂಬಿನ ಲೇಬಲ್ ಮೇಲೆ ಕೊಂಡ ತಿಂಗಳು, ವರ್ಷ, ನಿಮ್ಮ ಅಳತೆ ಮೂರನ್ನೂ ಅಳಿಸದ ಪೆನ್ನಿನಲ್ಲಿ ಬರೆದಿಡಿ. ಮುಂದಿನ ಸಲ ಟವೆಲ್ ಮಡಚುವ ಕೆಲಸ ತಪ್ಪುತ್ತದೆ.